ಮಾತ್ರೆ ನುಂಗಿ ಮುಚ್ಚಿಟ್ಟ ಜ್ವರ

ಬೆಳಗ್ಗೆ ಆರೂಕಾಲು. ಮಾದಾಪುರದ ಮೇಲಿನ ಕಾಫಿ ತೋಟವೊಂದರ ಕಣದಲ್ಲಿ ಹಣ್ಣು ಕೊಯ್ಯುವವರು ಸಾಲಾಗಿ ನಿಂತಿದ್ದಾರೆ. ತೋಟದ ರೈಟರ್ ಅಶೋಕ್ ಹಾಜರಿ ಕೂಗುತ್ತಿದ್ದಾರೆ. ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಸುಲೋಚನಮ್ಮ ಒಬ್ಬೊಬ್ಬರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿಯುತ್ತಿದ್ದಾರೆ. ಅರವತ್ತೆರಡು ಜನರಲ್ಲಿ ಒಬ್ಬರಿಗೂ ಜ್ವರವಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿಯಿಂದ ಮನೆಗೆ ಹೊರಡುತ್ತಿದ್ದರು. ಇವರ ಹುಬ್ಬು ಮಾತ್ರ ಗಂಟಿಕ್ಕಿದೆ.

"ನಿನ್ನೆ ಸಂಜೆ ಕೂಲಿಯವ್ರ ಲೈನ್ ಮನೆ ಸುತ್ತಿ ಬಂದಾಗ ಹತ್ತು ಮನೇಲಿ ಕೆಮ್ಮು ಕೇಳಿಸ್ತು ಸಾರ್. ಬೆಳಗಾಗೋದ್ರೊಳಗೆ ಎಲ್ಲಾರ್ಗೂ ವಾಸಿ ಆಗೋಯ್ತಾ?" ಎಂದು ವರದಿಗೆಂದು ಬಂದ ನನ್ನನ್ನೇ ಕೇಳುತ್ತಾರೆ.

ಚಳಿ ಬಲಿತ ಮೇಲೆ ಬರಬೇಕಾದ ಫ್ಲೂ ಈ ಸಲ ಕೊಯ್ಲು ಶುರುವಾದ ವಾರದಲ್ಲೇ ಇಲ್ಲಿಗೆ ಬಂದಿದೆ. ಸೋಮವಾರಪೇಟೆ ಕಡೆಯ ಸುಲೋಚನಮ್ಮನಿಗೆ ಈಗ ನಲವತ್ತೇಳು. ಹದಿಮೂರು ವರ್ಷದಿಂದ ಇದೇ ಕೆಲಸ. ಇನ್ನೂರ ಹತ್ತು ಮನೆ, ನಾಲ್ಕು ತೋಟದ ಲೈನ್, ದಿನಕ್ಕೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಲೂ ಪುರುಸೊತ್ತಿಲ್ಲ. "ಆನೆ ಬಂದ್ರೆ ಫಾರೆಸ್ಟ್‌ನೋರು ಫೋನಿಗೆ ಮೆಸೇಜ್ ಹಾಕ್ತಾರೆ. ಜ್ವರ ಬಂದ್ರೆ ಯಾರೂ ಹೇಳಲ್ಲ. ನಾವೇ ಹುಡುಕಬೇಕು" ಎಂದು ನಗುತ್ತಾರೆ. ಇವತ್ತು ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹೋದ ವಾರ ಅವರೇ ಎರಡು ಕೆಲಸ ಮಾಡಿದ್ದರು. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಇಡೀ ಮನೆಯವರು ಐದು ದಿನ ಕೆಲಸಕ್ಕೆ ಬರಬಾರದೆಂದು ರೈಟರ್‌ಗೆ ಹೇಳಿದ್ದರು. ಮನೆಗೊಂದು ಶೀಟು ಜ್ವರದ ಮಾತ್ರೆಯನ್ನೂ ಹಂಚಿದ್ದರು. ಇಲ್ಲಿ ಗಂಡ ಹೆಂಡತಿ ಜೋಡಿಯಾಗಿ ಒಂದು ಸಾಲು ಗಿಡ ಹಿಡಿದು ಕೊಯ್ಯುತ್ತಾರೆ. ಐದು ದಿನ ಬಾರದಿದ್ದರೆ ಹಣ್ಣು ತುಂಬಿದ ಆ ಸಾಲು ಬೇರೆ ಜೋಡಿಯ ಪಾಲು. ಅದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

"ಬೆಳಗ್ಗೆ ಎದ್ದು ಮಾತ್ರೆ ನುಂಗಿ ಬಂದೋರು ಯಾರ್ಯಾರು?" ಸುಲೋಚನಮ್ಮ ಜೋರಾಗಿ ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಏಳೆಂಟು ಜನ ತಲೆ ತಗ್ಗಿಸುತ್ತಾರೆ. ಅವರಲ್ಲಿ ಹುಣಸೂರು ಕಡೆಯಿಂದ ಬಂದ ನಿಂಗ ಒಬ್ಬ. ಅವನ ಹೆಂಡತಿ ತೇಜಸ್ವಿನಿಗೆ ಏಳು ತಿಂಗಳು. ಅವಳು ಕಣದ ಕಟ್ಟೆ ಹಿಡಿದು ನಿಂತಿದ್ದಾಳೆ. ಹಣೆ ತಣ್ಣಗಿದೆ. ಉಸಿರು ಮಾತ್ರ ಮೇಲೆ ಮೇಲೆ ಬರುತ್ತಿದೆ.

"ಏರು ಹತ್ಕೊಂಡು ಬಂದವ್ಳೆ ಅಕ್ಕ, ಅದಕ್ಕೇಯ" ಎನ್ನುತ್ತಾನೆ ನಿಂಗ.

ಸುಲೋಚನಮ್ಮ ಅವಳನ್ನು ಕೂರಿಸಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕುತ್ತಾರೆ. ತೊಂಬತ್ತೈದರ ಮೇಲಿರಬೇಕಾದದ್ದು ತೊಂಬತ್ತರಲ್ಲಿದೆ. ಬೆರಳು ಬದಲಿಸಿ ನೋಡುತ್ತಾರೆ. ಎಂಬತ್ತೊಂಬತ್ತು.

"ಎಷ್ಟು ದಿನ ಆಯ್ತವ್ವ?"

"ಮೂರು ದಿವ್ಸ ಅಕ್ಕ. ಮಾತ್ರೆ ತಕ್ಕಂಡ್ರೆ ಬಿಡ್ತಿತ್ತು. ಮಗಿಗೇನಾರ ಆಯ್ತದಾ?"

ಸುಲೋಚನಮ್ಮ ಫೋನ್ ತೆಗೆದು ಆಸ್ಪತ್ರೆಗೆ ಕರೆ ಮಾಡುತ್ತಾರೆ. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಬೇಕಂತೆ. ತೋಟದ ಜೀಪಿನಲ್ಲಿ ಆಗಲೇ ಹದಿನಾಲ್ಕು ಜನ ಹತ್ತಿ ಕೂತಿದ್ದಾರೆ. "ರೈಟ್ರೇ, ಜೀಪ್ ಖಾಲಿ ಮಾಡ್ಸಿ" ಎನ್ನುತ್ತಾರೆ. ಅಶೋಕ್ ಒಂದು ಕ್ಷಣ, ಜೀಪಿನವರು ಕೊಯ್ಯಬೇಕಾದ ತೋಟದ ದೂರದ ಬ್ಲಾಕಿನತ್ತ ನೋಡುತ್ತಾರೆ. ಅಲ್ಲಿ ಹಣ್ಣು ಉದುರಲು ಶುರುವಾಗಿದೆ. "ಇಳೀರಪ್ಪಾ ಎಲ್ಲ, ನಡ್ಕೊಂಡು ಹೋಗಿ" ಎಂದು ಕೂಗುತ್ತಾರೆ. ಮಡಿಕೇರಿಯವರೆಗೂ ಸುಲೋಚನಮ್ಮ ತೇಜಸ್ವಿನಿಯ ಬೆನ್ನಿಗೆ ಆಸರೆಯಾಗಿ ಕೂತು, ಪ್ರತಿ ತಿರುವಿನಲ್ಲೂ ಕ್ಲಿಪ್ಪಿನ ಅಂಕಿ ನೋಡುತ್ತಾರೆ. ಎದುರು ಕೂತ ನನಗೆ ಹೆದರಿಕೆ ತಡೆಯಲಾಗುವುದಿಲ್ಲ.

ಮಧ್ಯಾಹ್ನ ಒಂದೂವರೆಗೆ ವಾರ್ಡಿನಿಂದ ನರ್ಸ್ ಹೊರಬಂದು, ಆಮ್ಲಜನಕ ಏರುತ್ತಿದೆ, ಮಗುವಿನ ಎದೆಬಡಿತ ಚೆನ್ನಾಗಿದೆ ಎನ್ನುತ್ತಾರೆ. ನಿಂಗ ಗೋಡೆಗೊರಗಿ ಅಳುತ್ತಾನೆ. ಸುಲೋಚನಮ್ಮ ಅವನನ್ನು ಬೈಯುವುದಿಲ್ಲ.

"ತಪ್ಪು ನಂದೇ ಸಾರ್. ಸಾಲು ಕಿತ್ಕೊಳೋ ರೂಲ್ಸೂ ನಾನೇ ಕೊಟ್ಟೆ, ಜ್ವರ ಮುಚ್ಚೋ ಮಾತ್ರೆನೂ ನಾನೇ ಕೊಟ್ಟೆ. ಅವ್ರು ಇನ್ನೇನ್ ಮಾಡ್ತಾರೆ?"

ಅದೇ ಸಂಜೆ ಅವರು ಅಶೋಕ್ ಜೊತೆ ಕೂತು ಹೊಸ ಮಾತು ಮಾಡಿಕೊಳ್ಳುತ್ತಾರೆ. ಜ್ವರ ಬಂದವರು ಮಾತ್ರ ಮನೆಯಲ್ಲಿರಬೇಕು. ಮನೆಯ ಉಳಿದವರು ಮಾಸ್ಕ್ ಹಾಕಿಕೊಂಡು, ಬೇರೆಯವರಿಂದ ದೂರವಿದ್ದು, ತಮ್ಮ ಸಾಲನ್ನೇ ಕೊಯ್ಯಬಹುದು. ಯಾರ ಸಾಲೂ ಬೇರೆಯವರಿಗೆ ಹೋಗಕೂಡದು. ಅಶೋಕ್ ಗೊಣಗಿಕೊಂಡೇ ಒಪ್ಪುತ್ತಾರೆ.

ಮೂರು ದಿನದ ಮೇಲೆ ಫೋನ್ ಮಾಡಿದರೆ ಸುಲೋಚನಮ್ಮ ದಾರಿಯಲ್ಲಿದ್ದಾರೆ, ಏದುಸಿರು ಬಿಡುತ್ತಿದ್ದಾರೆ. ತೇಜಸ್ವಿನಿ ಈಗ ಆಮ್ಲಜನಕದ ನಳಿಕೆಯಿಲ್ಲದೆ ಉಸಿರಾಡುತ್ತಿದ್ದಾಳಂತೆ, ಸಾರು ಖಾರವಿಲ್ಲ ಎಂದು ತಕರಾರು ಬೇರೆ ಮಾಡುತ್ತಿದ್ದಾಳಂತೆ. ತೋಟದಲ್ಲಿ ಹೇಗಿದೆ ಎಂದು ಕೇಳುತ್ತೇನೆ.

"ಇವತ್ತು ಹನ್ನೊಂದು ಜನ ತಾವಾಗೇ ಬಂದು 'ಅಕ್ಕಾ, ಜ್ವರ ಬಂದೈತೆ' ಅಂದ್ರು ಸಾರ್. ಇಂಥದ್ದಕ್ಕೆ ಯಾರಾದ್ರೂ ಖುಷಿ ಪಡ್ತಾರಾ? ನಾನು ಪಟ್ಟೆ."