ಮೊದಲು ಆರ್ಡರ್, ಆಮೇಲೆ ಕಾಯಿ

ನಾನು ಅಜ್ಜಿ ಆಗುತ್ತಿದ್ದೇನೆ!

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಒಂದು ಲೋಟ ನೀರು ಕುಡಿದು ಬಂದೆ. ಇನ್ನೊಮ್ಮೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಅಜ್ಜಿ ಆಗುತ್ತಿದ್ದೇನೆ. ನನ್ನ ಸೊಸೆ ಸೌಮ್ಯಳಿಗೆ ನಾಲ್ಕು ತುಂಬಿ ಐದರಲ್ಲಿ ಬಿದ್ದಿದೆ. ಇದನ್ನು ಪೇಪರಿಗೆ ಹಾಕಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. (ಒಪ್ಪಿಗೆ ಯಾಕೆ ಅನ್ನುತ್ತೀರಾ? ಈ ವಾರದ ಕಥೆಯೇ ಅದು.)

ವಾರವಾರ ಓದುವ ನಿಮಗೆ ನಾನು ಗೊತ್ತು. ಮೊಳಕಾಲ್ಮೂರಿನ ಮಗ್ಗದವಳು, ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ನಾನು ನೋಟ್‌ಬುಕ್ಕಿನಲ್ಲಿ ಗೀಚಿದ್ದನ್ನು ಮಗ ತಿಪ್ಪೇಶ ಫೋಟೋ ಹೊಡೆದು ಪೇಪರಿನವರಿಗೆ ಕಳಿಸುತ್ತಾನೆ. ಅವನದು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಅವನ ಹೆಂಡತಿಯೇ ಸೌಮ್ಯ. ದೇವಸಮುದ್ರದ ಹುಡುಗಿ, ಬಿ.ಎಸ್ಸಿ. ಓದಿದವಳು. ದಿನಾ ಬಸ್ಸು ಹತ್ತಿ ಚಳ್ಳಕೆರೆಗೆ ಹೋಗಿ ಒಂದು ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ಮೊದಲ ಮೂರು ತಿಂಗಳು ಅವಳಿಗೆ ಶೇಂಗಾ ವಾಸನೆಯೇ ಆಗುತ್ತಿರಲಿಲ್ಲ. ಕೆಲಸವೇ ಶೇಂಗಾ! ವೇಲಿನ ತುದಿಗೆ ನಿಂಬೆಹಣ್ಣು ಕಟ್ಟಿಕೊಂಡು, ಆಗಾಗ ಮೂಸಿಕೊಂಡು ದಿನ ದೂಡಿದಳು. ಮಿಲ್ಲಿನಲ್ಲಿ ಯಾರಿಗೂ ಸುಳಿವು ಕೊಡಲಿಲ್ಲ.

ಯಾಕೆ? ಮಿಲ್ಲಿನ ಸಾವ್ಕಾರ್ರ ಹೆದರಿಕೆ.

ಕೆಟ್ಟವರಲ್ಲ. ಬೈಯುವವರೂ ಅಲ್ಲ. ಮಾತೇ ಕಡಿಮೆ. ಏನು ಕೇಳಿದರೂ ‘ಹೂಂ’. ಆ ಹೂಂನಲ್ಲಿ ಮೂರು ಥರ ಇದೆಯಂತೆ. ಗಿಡ್ಡ ಹೂಂ ಅಂದರೆ ಆಯಿತು. ಉದ್ದ ಹೂಂ ಅಂದರೆ ಆಗಲ್ಲ. ಕನ್ನಡಕ ತೆಗೆದು ಹೂಂ ಅಂದರೆ, ಹೊರಗೆ ನಡಿ.

ಎರಡು ವರ್ಷದ ಹಿಂದೆ ಅದೇ ಲ್ಯಾಬಿನಲ್ಲಿ ರೇಣುಕಾ ಅಂತ ಹುಡುಗಿ ಇದ್ದಳು. ಸೌಮ್ಯಳಿಗೆ ಕೆಲಸ ಕಲಿಸಿದವಳು. ತಾನು ಬಸುರಿ ಅಂತ ಅವಳು ಹೇಳಿದ ಮರುದಿನವೇ ಸಾವ್ಕಾರ್ರು ಅವಳನ್ನು ಕರೆದು, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಮಡಿಲು ತುಂಬಿದರಂತೆ. (ಮಡಿಲು ತುಂಬುವುದು ಹೆಂಗಸರ ಕೆಲಸ. ಸಾವ್ಕಾರ್ರ ಹೆಂಡತಿ ತೀರಿಕೊಂಡ ಮೇಲೆ ಮಿಲ್ಲಿನವರಿಗೆ ಅದನ್ನೂ ಅವರೇ ಮಾಡುತ್ತಾರಂತೆ.) ‘ಇನ್ನು ಮನೇಲಿ ಆರಾಮಾಗಿರಮ್ಮಾ’ ಅಂದರಂತೆ. ಎಷ್ಟು ತಂಪಾದ ಮಾತು! ರೇಣುಕಾ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಹೊಳೆಯಿತು, ಕೆಲಸ ಹೋಗಿದೆ ಅಂತ.

ಮಡಿಲು ತುಂಬಿದವರ ಜೊತೆ ಜಗಳ ಆಡುವುದು ಹೇಗೆ? ನೀವೇ ಹೇಳಿ.

ಈ ತಿಂಗಳ ಕೊನೆಗೆ ಲ್ಯಾಬಿನ ಹಿರಿಯರೊಬ್ಬರು ರಿಟೈರ್ ಆಗುತ್ತಾರೆ. ಅವರ ಜಾಗಕ್ಕೆ ಸೌಮ್ಯಳೇ ಇನ್‌ಚಾರ್ಜ್ ಅಂತ ಸಾವ್ಕಾರ್ರು ಗಿಡ್ಡ ಹೂಂ ಅಂದಿದ್ದರು. ಆ ಆರ್ಡರ್ ಕಾಗದ ಕೈಗೆ ಬರಲಿ, ಆಮೇಲೆ ತಾನೇ ಸುದ್ದಿ ಹೇಳುತ್ತೇನೆ ಅಂತ ಇವಳ ಮನಸ್ಸು. ‘ಅತ್ತಮ್ಮಾ, ಅಲ್ಲೀತನಕ ಯಾರಿಗೂ ಹೇಳಬ್ಯಾಡ್ರಿ’ ಅಂತ ನನ್ನ ಕೈ ಹಿಡಿದು ಹೇಳಿದ್ದಳು. (ನಮ್ಮ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಓಡಾಡುತ್ತವೆ. ಹಾಗಾಗಿ ನಾನು ಅತ್ತೆ ಅಲ್ಲ, ಅತ್ತಮ್ಮ.)

ಸರಿ ಅಂದೆ. ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಮಗ್ಗಕ್ಕೆ ಬೀಗ ಹಾಕಲಾದೀತೇ?

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸೊಸೆಯ ಮೊದಲ ಬಸುರಿನ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಅತ್ತೆಯೇ ಕೈಯಾರೆ ಹಸಿರು ಸೀರೆ ನೇಯಬೇಕು. ನನಗೆ ನಮ್ಮತ್ತೆ ನೇಯ್ದಿದ್ದರು. ಸುದ್ದಿ ತಿಳಿದ ವಾರವೇ ರೇಷ್ಮೆಗೆ ಬಣ್ಣ ಹಾಕಿಸಿದೆ. ಗಿಳಿಹಸಿರು. ಹೋದ ತಿಂಗಳು ಮಗ್ಗಕ್ಕೆ ಏರಬೇಕಾಗಿದ್ದದ್ದು ಯಾರ ಸೀರೆ ಗೊತ್ತೇ? ಸಾವ್ಕಾರ್ರ ಮಗಳ ಧಾರೆ ಸೀರೆ! ಸೌಮ್ಯ ಹೇಳಿದ್ದರಿಂದಲೇ ನಮಗೆ ಬಂದ ಕೆಲಸ. ಅವರ ಮನೆ ಮದುವೆ ಇನ್ನೂ ದೂರ ಇದೆ, ಮೊದಲು ನನ್ನ ಮೊಮ್ಮಗು ಅಂತ ನಾನು ಹಸಿರನ್ನೇ ಏರಿಸಿಬಿಟ್ಟೆ.

ಹೋದ ಸೋಮವಾರ ಜಟಿಂಗ ರಾಮೇಶ್ವರನಿಗೆ ಪೂಜೆ ಮಾಡಿಸಿಕೊಂಡು ಬಂದ ಸಾವ್ಕಾರ್ರು ನೇರ ನಮ್ಮ ಬಾಗಿಲಿಗೇ ಕಾರು ತಂದು ನಿಲ್ಲಿಸಿದರು. ಹಣೆ ತುಂಬ ವಿಭೂತಿ. ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಎದ್ದು ಸೆರಗು ಹೊದೆಯುವುದರೊಳಗೆ ಪಕ್ಕದಲ್ಲೇ ನಿಂತಿದ್ದರು.

‘ನಮ್ಮ ಹುಡುಗಿ ಸೀರೆ ಕುಂಕುಮ ಬಣ್ಣ ಅಲ್ವೇನಮ್ಮಾ? ಇದು ಹಸಿರೈತಲ್ಲ!’

‘ಇದು ನಿಮ್ದಲ್ಲ ಸಾವ್ಕಾರ್ರೇ. ನಿಮ್ದು ಇದಾದ ಮ್ಯಾಲೆ.’

‘ನಮ್ಮದಕ್ಕಿಂತ ಮುಂಚೆ ಬಂದಿದ್ದು ಯಾರದಮ್ಮಾ?’

ಯಾರೋ ಗಿರಾಕಿಯದು ಅಂದಿದ್ದರೆ ಮುಗಿಯುತ್ತಿತ್ತು. ಕಂಡವರಿಗೆಲ್ಲ ‘ನಾಳೆ ಕೊಡ್ತೀನಿ’ ಅನ್ನುವ ನೇಕಾರಳಿಗೆ ಒಂದು ಸುಳ್ಳು ಭಾರವೇ? ಆದರೆ ಇಷ್ಟು ದಿನದಿಂದ ಎದೆಯಲ್ಲಿ ತುಂಬಿಟ್ಟುಕೊಂಡದ್ದು ಗಂಟಲಿಗೆ ಬಂದು ನಿಂತಿತ್ತು.

‘ನಮ್ಮ ಸೌಮ್ಯನ ಕುಬುಸಕ್ಕೆ ಸಾವ್ಕಾರ್ರೇ! ನಾನು ಅಜ್ಜಿ ಆಗ್ತಿದೀನಿ!’

ಅವರು ಸೀರೆಯನ್ನು ಒಮ್ಮೆ ನೋಡಿದರು. ನನ್ನನ್ನು ಒಮ್ಮೆ ನೋಡಿದರು. ಕನ್ನಡಕ ತೆಗೆದರು.

‘ಹೂಂ’ ಅಂದರು.

ಟೀ ಕೂಡ ಮುಟ್ಟದೆ ಹೊರಟರು. ಮೂಲೆಯಲ್ಲಿ ಲಾಳಿಗೆ ನೂಲು ಸುತ್ತುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ ಹೇಳಿದರು: ‘ನಿನ್ನ ನೇಯ್ಗೇಲಿರೋ ಬಿಗಿ ಬಾಯಾಗೂ ಇದ್ದಿದ್ರೆ ನಾವು ಯಾವತ್ತೋ ಉದ್ಧಾರ ಆಗ್ತಿದ್ವಿ ಕಣೇ.’

ಸಂಜೆ ಸೌಮ್ಯ ಬಂದಳು. ನಡೆದದ್ದು ಹೇಳಿದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬ್ಯಾಗು ಕೆಳಗಿಟ್ಟು ಒಂದೇ ಮಾತು ಕೇಳಿದಳು:

‘ಅತ್ತಮ್ಮಾ, ಅದು ನಾನು ಹೇಳಬೇಕಾದ ಮಾತಲ್ವಾ?’

ತಿಪ್ಪೇಶ ವಾತಾವರಣ ತಿಳಿ ಮಾಡಲು ನೋಡಿದ. ‘ಅವ್ವಾ, ನಾಳೆ ಅಂಗಡಿಗೆ ಬಾ. ನಿನ್ನ ಬಾಯಿಗೂ ಒಂದು ಪಾಸ್‌ವರ್ಡ್ ಹಾಕಿ ಕಳಿಸ್ತೀನಿ’ ಅಂದ. ಸೌಮ್ಯ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ನನಗೆ ನನ್ನ ಕಾಲ ನೆನಪಾಯಿತು. ತಿಪ್ಪೇಶ ಹೊಟ್ಟೆಯಲ್ಲಿದ್ದಾಗ ನಾನು ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದೆ. ಬಾಯಿಬಿಟ್ಟು ಹೇಳಲೇ ಇಲ್ಲ. ನಾಚಿಕೆ, ಹೆದರಿಕೆ. ನೇಯ್ದ ಸೀರೆ ಸುತ್ತುವ ಮರ ಹೊಟ್ಟೆಗೆ ತಾಗುವವರೆಗೂ ನೇಯ್ದೆ. ಮಗ್ಗದ ಯಜಮಾನ ಒಂದು ದಿನ ಕಣ್ಣಿಟ್ಟು ನೋಡಿದ. ಮರುದಿನ ಹೋದರೆ ನನ್ನ ಗುಂಡಿಯಲ್ಲಿ ಇನ್ನೊಬ್ಬಳ ಕಾಲು. ಬಾಗಿಲಿನಿಂದಲೇ ವಾಪಸ್ ಬಂದೆ. ಯಾಕೆ ಅಂತ ಕೇಳಬಹುದು ಅನ್ನುವುದೇ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ನಾನೂ ಸೀರೆ ಉಟ್ಟು ನಿಂತೆ. ‘ತಪ್ಪು ನಂದು. ನಾನೂ ಬರ್ತೀನಿ. ಸಾವ್ಕಾರ್ರ ಕಾಲು ಹಿಡೀತೀನಿ.’

‘ಬರ್ರಿ. ಆದ್ರೆ ಕಾಲೂ ಹಿಡೀಬಾರ್ದು, ಮಾತೂ ಆಡಬಾರ್ದು’ ಅಂದಳು.

ಬಸ್ಸು ತಳಕು ಊರು ದಾಟಿತು. ಆಮೇಲೆ ಬ್ಯಾಗಿನಿಂದ ಒಂದು ಕವರು ತೆಗೆದು ತೋರಿಸಿದಳು. ರಜೆಯ ಅರ್ಜಿ. ಮೂಲೆಗಳೆಲ್ಲ ಮುದುರಿಹೋಗಿದ್ದವು.

‘ಇಪ್ಪತ್ತು ದಿನದಿಂದ ಬ್ಯಾಗಲ್ಲೇ ಐತೆ ಅತ್ತಮ್ಮಾ. ದಿನಾ ಕೊಡಬೇಕು ಅನ್ಕೊಂಡು ಹೋಗ್ತೀನಿ, ದಿನಾ ವಾಪಸ್ ತರ್ತೀನಿ.’

(ಕ್ಷಮಿಸಿದಳು ಅಂತಲ್ಲ. ಕಿಟಕಿ ಪಕ್ಕದ ಸೀಟು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಳು.)

ನಾನು ಅವಳ ಮಿಲ್ಲು ನೋಡಿದ್ದು ಅದೇ ಮೊದಲು. ಗೇಟಿನ ಒಳಗೆ ಸಾಲಾಗಿ ಲಾರಿಗಳು. ಸೌಮ್ಯ ಹೋಗಿ ನಿಂತಳು. ಒಬ್ಬ ಚೀಲದಿಂದ ಶೇಂಗಾ ತೆಗೆದು ಅವಳ ಅಂಗೈಗೆ ಹಾಕಿದ. ಒಂದು ಕಾಯಿ ಒಡೆದಳು, ಬೀಜ ಮುರಿದಳು, ಮೂಸಿದಳು, ಏನೋ ಒಂದು ಮೆಷಿನ್ನಿಗೆ ಹಾಕಿ ನೋಡಿದಳು. ನನ್ನ ವಯಸ್ಸಿನ ಡ್ರೈವರ್‌ಗಳು ಕೈಕಟ್ಟಿ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು. ‘ಹೂಂ’ ಅಂದಳು. ಲಾರಿಯ ಹಿಂಬಾಗಿಲು ಧಡ್ ಎಂದು ಬಿಚ್ಚಿಕೊಂಡಿತು!

ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಅಂತ ನನ್ನನ್ನು ಕೇಳುವ ಹುಡುಗಿ ಇವಳೇನಾ?

ಅಷ್ಟರಲ್ಲಿ ಸಾವ್ಕಾರ್ರು ಕರೆದರು. ನಾನು ಅವರ ರೂಮಿನ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಟೇಬಲ್ ಮೇಲೆ ಕಣ್ಣು ಹೋಯಿತು.

ತೆಂಗಿನಕಾಯಿ. ಎಲೆ ಅಡಿಕೆ. ರವಿಕೆ ಕಣ.

‘ಬಾರಮ್ಮಾ. ನಿಮ್ಮತ್ತೆ ನಿನ್ನೆ ಒಳ್ಳೇ ಸುದ್ದಿ ಹೇಳಿದ್ರು. ಮಡಿಲು ಒಡ್ಡು’ ಅಂತ ಸಾವ್ಕಾರ್ರು ಕಾಯಿ ಎತ್ತಿಕೊಂಡರು.

ಮುತ್ತೈದೆ ಆದವಳ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ. ಬೆಂಚಿನ ಮೇಲೆ ಕೂತ ನನ್ನ ಕೈಯೇ ಹೋಗಿತ್ತು! ಸೌಮ್ಯ ಮಾತ್ರ ಕೈಕಟ್ಟಿ ನಿಂತಳು.

‘ಸಾರ್, ಈ ಕಾಯಿ ತಗೊಂಡ್ರೆ ನಾಳೆ ಕೆಲ್ಸಕ್ಕೆ ಬರಬೇಕೋ, ಬ್ಯಾಡ್ವೋ?’

ಮಡಿಲಿಗೆ ಬಂದ ಕಾಯಿಯನ್ನು ತಡೆದು ನಿಲ್ಲಿಸಿದವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕುಲದೇವರನ್ನು ನೆನೆದೆ. ಓಡಿಹೋಗಿ ನಾನೇ ಸೆರಗೊಡ್ಡಲೇ ಅನ್ನಿಸಿತು. ಮಾತಾಡಬಾರದು ಅಂತ ಅಪ್ಪಣೆಯಾಗಿತ್ತಲ್ಲ, ಬೆಂಚು ಗಟ್ಟಿಯಾಗಿ ಹಿಡಿದುಕೊಂಡೆ.

‘ಆಶೀರ್ವಾದ ಮಾಡಾಕೆ ಕರೆದ್ರೆ ಏನಮ್ಮಾ ಹಿಂಗಂತೀಯ?’

‘ಆಶೀರ್ವಾದಾನೂ ಬೇಕು ಸಾರ್, ಕೆಲ್ಸಾನೂ ಬೇಕು. ಹೆರಿಗೆ ರಜಾ ಕಾನೂನಲ್ಲೇ ಐತೆ, ಅರ್ಜಿ ತಂದಿದೀನಿ. ಇನ್‌ಚಾರ್ಜ್ ಮಾಡ್ತೀನಿ ಅಂತ ನೀವೇ ಒಪ್ಪಿದ್ರಿ. ಮೊದ್ಲು ಆರ್ಡರ್ ಕೊಡ್ರಿ, ಆಮೇಲೆ ಕಾಯಿ ಕೊಡ್ರಿ. ಎರಡೂ ಕಣ್ಣಿಗೊತ್ತಿ ತಗೋತೀನಿ.’

ಮುದುರಿದ ಆ ಕವರನ್ನು ಬ್ಯಾಗಿನಿಂದ ತೆಗೆದು ಎಲೆ ಅಡಿಕೆಯ ಪಕ್ಕದಲ್ಲಿಟ್ಟಳು.

‘ನೀನು ರಜಾ ಹೋದ್ರೆ ಲಾರಿ ಯಾರು ನೋಡ್ತಾರೆ? ನಾನಾ?’

‘ರೇಣುಕಾ ನೋಡ್ತಾಳೆ ಸಾರ್.’

‘ಯಾವ ರೇಣುಕಾ?’

‘ಎರಡು ವರ್ಷದ ಹಿಂದೆ ಇದೇ ರೂಮಲ್ಲಿ ಕಾಯಿ ಕೊಟ್ಟು ಕಳಿಸಿದ್ರಲ್ಲ, ಆ ರೇಣುಕಾ. ನಂಗೆ ಕೆಲ್ಸ ಕಲಿಸಿದ್ದೇ ಅವ್ಳು. ನಾನು ವಾಪಸ್ ಬಂದ ಮ್ಯಾಲೂ ಇರ್ಲಿ ಸಾರ್. ಹಿರಿಯರು ಹೋದ್ರೆ ಲ್ಯಾಬಿಗೆ ಇಬ್ರು ಬೇಕೇ ಬೇಕು.’

ಸಾವ್ಕಾರ್ರು ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು.

‘ಆ ಹುಡುಗಿ ನಂಗೆ ಒಂದು ಮಾತೂ ಕೇಳ್ಲಿಲ್ಲ ಕಣಮ್ಮಾ. ನಮಸ್ಕಾರ ಮಾಡಿ ಹೋದ್ಲು. ಖುಷಿಯಾಗೇ ಹೋದ್ಲು ಅನ್ಕೊಂಡಿದ್ದೆ ನಾನು.’

‘ಕೈ ತುಂಬ ಕಾಯಿ ಇತ್ತಲ್ಲ ಸಾರ್. ಹೆಂಗೆ ಕೇಳ್ತಾಳೆ?’

ಸಾವ್ಕಾರ್ರು ಕನ್ನಡಕಕ್ಕೆ ಕೈ ಹಾಕಿದರು. ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬಾಗಿಲಾಚೆಗೆ ನನ್ನ ಕಡೆ ನೋಡಿದರು.

‘ಏನಮ್ಮಾ, ನಿಮ್ಮ ಸೊಸೆ ಮನೇಲೂ ಹಿಂಗೇನಾ?’

ಮಾತಾಡುವಂತಿಲ್ಲ. ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ ನನಗೂ ಗೊತ್ತಿಲ್ಲ.

‘ಹೂಂ’ ಅಂದರು.

ಇದು ಗಿಡ್ಡದೂ ಅಲ್ಲ, ಉದ್ದದ್ದೂ ಅಲ್ಲ. ಪಟ್ಟಿಯಲ್ಲಿ ಇಲ್ಲದ ನಾಲ್ಕನೆಯದು. ಮ್ಯಾನೇಜರನ್ನು ಕರೆದು ಆರ್ಡರ್ ಟೈಪ್ ಮಾಡಿಸಿದರು. ಅರ್ಜಿಗೆ ಸಹಿ ಹಾಕಿದರು. ರೇಣುಕಾಳ ಫೋನ್ ನಂಬರ್ ಬರೆದಿಡು ಅಂದರು. ಸೌಮ್ಯ ಆರ್ಡರನ್ನು ಎರಡು ಸಲ ಓದಿದಳು. ಮಡಚಿ ಬ್ಯಾಗಿಗೆ ಹಾಕಿದಳು. ಆಮೇಲೆ ವೇಲು ಬಿಡಿಸಿ, ಎರಡೂ ಕೈಯಲ್ಲಿ ಅಗಲಿಸಿ, ತಲೆ ತಗ್ಗಿಸಿ ನಿಂತಳು.

ಕಾಯಿ ಮಡಿಲಿಗೆ ಬಿತ್ತು. ನಾನು ಬೆಂಚಿನ ಮೇಲೆ ಕೂತು ಗೊಳೋ ಅಂತ ಅತ್ತೆ.

‘ನಮ್ಮ ಹುಡುಗಿ ಸೀರೆ ಮಾತ್ರ ತಡ ಮಾಡಬ್ಯಾಡಮ್ಮಾ’ ಅಂದರು ಹೊರಡುವಾಗ. ‘ನಾಳೇನೇ ಏರಿಸ್ತೀನಿ ಸಾವ್ಕಾರ್ರೇ’ ಅಂದೆ. (ಈ ಸಲ ಸುಳ್ಳು ಸಲೀಸಾಗಿ ಬಂತು.)

ಸಾವ್ಕಾರ್ರು ದೊಡ್ಡದೇನೂ ಕೊಡಲಿಲ್ಲ ಅಂತ ನೀವು ಅನ್ನಬಹುದು. ನಿಜ. ರಜೆ ಕಾನೂನಿನದು. ಇನ್‌ಚಾರ್ಜ್ ಕೆಲಸ ಅವಳು ದುಡಿದು ಸಂಪಾದಿಸಿದ್ದು. ನನಗೆ ಬೆರಗು ಆ ಕಾಗದದ ಮೇಲಲ್ಲ. ನನ್ನ ಕಾಲದಲ್ಲಿ ಹೊಟ್ಟೆ ಮಾತಾಡಿತು, ಬಾಯಿ ಸುಮ್ಮನಿತ್ತು. ಇವಳು ಬಾಯಿ ತೆರೆದು ಕೇಳಿದಳು. ತನಗೂ ಕೇಳಿದಳು, ಕೇಳದೆ ಹೋದವಳಿಗೂ ಕೇಳಿದಳು. ಈ ಧೈರ್ಯವನ್ನು ಎಲ್ಲಿ ನೇಯುತ್ತಾರಪ್ಪಾ? ಅದಕ್ಕೆ ಹಾಸು ಯಾವುದು, ಹೊಕ್ಕು ಯಾವುದು? ಇಷ್ಟು ವರ್ಷ ಮಗ್ಗದಲ್ಲಿ ಕೂತ ನನಗೂ ತಿಳಿಯಲಿಲ್ಲ.

ಆ ಸಂಜೆ ಅದೇ ಕಾಯಿ ತುರಿದು ಹೋಳಿಗೆ ಮಾಡಿದೆ. ದೇವಸಮುದ್ರದಿಂದ ಬೀಗರು ಬಂದರು. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ತಿಪ್ಪೇಶ ನಾಲ್ಕು ಹೋಳಿಗೆ ತಿಂದ. ನಮ್ಮ ಯಜಮಾನರು ತುಪ್ಪ ಕೇಳುವ ನೆಪದಲ್ಲಿ ‘ಇನ್‌ಚಾರ್ಜ್ ಮೇಡಂ’ ಅಂತ ಸೊಸೆಯನ್ನು ಮೂರು ಸಲ ಕರೆದರು.

ಸೌಮ್ಯ ಹೋಳಿಗೆ ಮುರಿಯುತ್ತಾ ಅಂದಳು, ‘ಅತ್ತಮ್ಮಾ, ರೇಣುಕಾಗೆ ಫೋನ್ ಮಾಡಿದ್ದೆ. ಬರ್ತಾಳಂತೆ. ಆವತ್ತು ಕೊಟ್ಟ ರವಿಕೆ ಕಣ ಎರಡು ವರ್ಷದಿಂದ ಬೀರುವಲ್ಲೇ ಐತಂತೆ. ನಾಳೆ ಟೈಲರ್‌ಗೆ ಕೊಡ್ತಾಳಂತೆ.’

ನಿಮ್ಮ ಮನೆಯ ಬೀರುವಿನಲ್ಲೂ ಹೊಲಿಸದೆ ಮಡಿಸಿಟ್ಟ ಕಣ ಒಂದಿದೆಯೇ, ನೋಡಿ?