ಪಾಡನ್ನು ಹಾಡು ಮಾಡಿದ ಅಕ್ಕೋರು

ನಿನ್ನೆ ಮೊಮ್ಮಗಳು ಮನೆಗೆ ಬಂದಾಗ ಅವಳ ಕೈ ಮೂಸಿದೆ. ಚಿಪ್ಪಿಸುಣ್ಣದ ವಾಸನೆ. ಇಗರ್ಜಿಯ ಹಿಂದಿನ ಬಯಲು ರಂಗಮಂದಿರಕ್ಕೆ ಸುಣ್ಣ ಬಳಿದು ಬಂದಿದ್ದಳು. ಆ ವಾಸನೆಗೆ ಅಕ್ಕೋರು ನೆನಪಾದರು...

ಅಕ್ಕೋರು ಅಂದರೆ ನಮ್ಮೂರ ಶಾಲೆಯ ಟೀಚರು, ಕ್ರಿಶ್ಚಿಯನ್ ಮನೆಯವರು. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲ ಅದು. ರಂಗಮಂದಿರ ಪಾಳುಬಿದ್ದು, ಅದರ ಕಟ್ಟೆಯ ಮೇಲೆ ನಾವು ಹೆಂಗಸರು ಮೀನು ಒಣಗಿಸುತ್ತಿದ್ದೆವು. ಒಂದು ದಿನ ಅಕ್ಕೋರು ಇಗರ್ಜಿಯ ನಾಟಕದ ತಂಡ ಕಟ್ಟಿಕೊಂಡು, ಕತ್ತಿ ಹಿಡಿದು, ಮುಳ್ಳು ಸವರಲು ಬಂದರು. ಎಲ್ಲ ಬಿಟ್ಟಿ ಕೆಲಸ. ಈ ಸಲ ನಾಟಕಕ್ಕೆ ಜನ ಕೂರದಿದ್ದರೆ ಕಟ್ಟೆಯ ಚಿರೆಕಲ್ಲು ಕಿತ್ತು ಕಂಪೌಂಡಿಗೆ ಹಾಕುವುದೆಂದು ಇಗರ್ಜಿಯ ಹಿರಿಯರು ಹೇಳಿಬಿಟ್ಟಿದ್ದರಂತೆ.

ನಾನೂ ಸೇರಿಕೊಂಡೆ. ಎರಡು ಕಂಬಗಳ ನಡುವೆ ಸೀರೆಯ ತೊಟ್ಟಿಲು ಕಟ್ಟಿ, ಹಸುಗೂಸು ಮೊಮ್ಮಗಳನ್ನು ಮಲಗಿಸಿ, ಜೋಗುಳ ಹೇಳುತ್ತ ಪಾಚಿ ಕೆರೆಯುತ್ತಿದ್ದೆ. ಎಷ್ಟು ಸುಣ್ಣ ಬಳಿದರೂ ಒಣಮೀನಿನ ನಾತ ಹೋಗಲಿಲ್ಲ.

"ಇರಲಿ ಬಿಡೇ ತಂಗಿ," ಎಂದರು ಅಕ್ಕೋರು, "ಯೇಸುವಿನ ಹಿಂದೆ ಹೋದವ್ರೂ ಮೀನು ಹಿಡಿಯೋರೇ ಅಲ್ವೇನೆ?"

ಯಾವ ನಾಟಕ ಎಂದು ಕೇಳಿದ್ದಕ್ಕೆ "ಯೇಸುವಿನ ಪಾಡು" ಎಂದಿದ್ದರು. ಲಾರಿಯ ಸದ್ದಿಗೋ ಏನೋ, ನನಗೆ ಕೇಳಿಸಿದ್ದು ಹಾಡು. ಮೀನಿನ ಬುಟ್ಟಿ ಹೊತ್ತು ಹೋದಲ್ಲೆಲ್ಲ, ಹಾರವಾಡದ ತನಕ, ಹಾಡಿನ ನಾಟಕ ಎಂದು ಸಾರಿ ಬಂದೆ. ಜನ ಚಾಪೆ ಹಿಡಿದು ಬಂದರು. ಜಾಗ ಸಾಲಲಿಲ್ಲ.

ಹಾಡು ಮಾತ್ರ ಬರಲಿಲ್ಲ. ಯೇಸುವನ್ನು ಹೊಡೆದರು, ಶಿಲುಬೆಗೆ ಏರಿಸಿದರು...

"ಏನೇ, ಹಾಡು ಎಲ್ಲದೆ?" ಪಕ್ಕದವಳು ತಿವಿದಳು. "ಹಳೇ ಮೀನು ತಾಜಾ ಅಂತ ಮಾರ್ದಂಗೆ ಆಯ್ತಲೆ!"

ಹಿಂದಿನವರು ಚಾಪೆ ಸುತ್ತತೊಡಗಿದರು.

ಅಕ್ಕೋರದು ಯೇಸುವಿನ ತಾಯಿಯ ವೇಷ. ಮಡಿಲಲ್ಲಿ ಸತ್ತ ಮಗ. ಅವರು ಚಾಪೆ ಸುತ್ತುವವರನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಮಗನ ತಲೆ ಸವರುತ್ತ ಹಾಡಿದರು. ನನ್ನದೇ ಜೋಗುಳ, ನಾನು ತೊಟ್ಟಿಲು ತೂಗುವಾಗ ಅವರು ಕೇಳಿ ಕಲಿತದ್ದು. ಸತ್ತ ಮಗನಿಗೆ ಜೋಗುಳ... ಸುತ್ತಿದ ಚಾಪೆಗಳು ಮತ್ತೆ ಬಿಚ್ಚಿಕೊಂಡವು. ಕಲ್ಲು ಕೀಳುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

"ಪಾಡು ಅಂದ್ರೆ ಹಾಡು ಅಂತ ಕೇಳ್ತದಲೆ, ನಿನ್ನ ಕಿವಿಗೊಂದು ನಮಸ್ಕಾರ ಮಾರಾಯ್ತಿ!" ಎಂದು ಅಕ್ಕೋರು ಬಣ್ಣ ಒರೆಸುತ್ತ ನಕ್ಕರು.

ಅವರು ಹೋಗಿ ವರ್ಷಗಳಾದವು. ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗಲೂ ನನಗೆ ಅಳು ಬರಲಿಲ್ಲ. ಐಸಿನೊಳಗೆ ಕೈಹಾಕಿ ಮೀನು ಹೆಕ್ಕಿದ ಬೆರಳಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಅವರ ಮಟ್ಟಿಗೆ ಈಗಲೂ ಹಾಗೇ ಇದೆ.

ಈ ಸಲ ಅದೇ ನಾಟಕದಲ್ಲಿ ತಾಯಿಯ ವೇಷ ನನ್ನ ಮೊಮ್ಮಗಳದು! ಖುಷಿ ತಡೆಯಲಾರದೆ ಕೇರಿಗೆಲ್ಲ ಹೇಳಿ ಬಂದಿದ್ದೇನೆ.

"ಅಜ್ಜೀ, ಇಗರ್ಜೀಲಿ ಅಕ್ಕೋರ ಹಾಡು ಕಲ್ಸ್‌ಕೊಟ್ಟಿದಾರೆ, ಕೇಳ್ತ್ಯಾ?" ಎಂದಳು ನಿನ್ನೆ. ತೊಟ್ಟಿಲಲ್ಲಿ ತಾನೇ ಕೇಳಿದ ಜೋಗುಳ ಅದೆಂದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಅಕ್ಕೋರದೇ ಇರಲಿ...

ಅವಳು ಹಾಡಿದಳು. ನನಗೆ ಬಾರದ ಹಾಡನ್ನು ಕೇಳುವವಳ ಹಾಗೆ ಕೂತು, ಕೊನೆಯ ತನಕ ಕೇಳಿದೆ.