ಮುಖ್ತಾರ್ ಸಾಬರ ಅರ್ಧ ಸುತ್ತು

ತುಮಕೂರಿನ ಶಿರಾ ಗೇಟಿನ ಬಳಿಯ ಶ್ರೀ ಮರುಳಸಿದ್ಧೇಶ್ವರ ಟಾಕೀಸಿನಲ್ಲಿ ಹನ್ನೊಂದು ವರ್ಷ ದುಡಿದ ಮುಖ್ತಾರ್ ಅಹಮದರು ಅಲ್ಲಿ ಒಂದೇ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಕೇಳಿದ್ದರು. ಅವರ ಕೆಲಸದ ಕೋಣೆ ಇದ್ದದ್ದು ಪರದೆಯ ಹಿಂದೆ. ನಾಯಕ ಯಾವ ಮಾತಿಗೆ ಖಳನ ಕೆನ್ನೆಗೆ ಬಾರಿಸುತ್ತಾನೆ, ನಾಯಕಿ ಯಾವ ಸಾಲಿಗೆ ಬಿಕ್ಕುತ್ತಾಳೆ, ಎಲ್ಲವೂ ಅವರಿಗೆ ಬಾಯಿಪಾಠ. ಯಾರದು ಯಾವ ಮುಖ ಎಂಬುದು ಮಾತ್ರ ಗೊತ್ತಿಲ್ಲ. ನಾಯಕನಿಗೆ ಊರ ತುಂಬ ಫ್ಯಾನುಗಳು. ಸಾಬರಿಗೆ ಒಂದೇ ಫ್ಯಾನು. ಆದರೆ ಅದು ಆಳೆತ್ತರದ್ದು, ತಗಡಿನ ಗೂಡಿನೊಳಗೆ ತಿರುಗುವಂಥದ್ದು, ಎಂಟುನೂರು ಜನರ ಬೆವರಿಗೆ ಜವಾಬು ಹೇಳಬೇಕಾದದ್ದು.

ಟಾಕೀಸಿನ ನೆತ್ತಿಯ ಮೇಲೆ 'ಹವಾನಿಯಂತ್ರಿತ' ಎಂದು ಕೆಂಪಕ್ಷರದಲ್ಲಿ ಬರೆಸಿತ್ತು. ಅದರಲ್ಲಿ ಹವಾ ಮಾಲೀಕರದು, ನಿಯಂತ್ರಣ ಸಾಬರದು. ಏರ್ಪಾಡು ಸರಳವಾಗಿತ್ತು. ಹೊರಗೋಡೆಯ ಕಿಂಡಿಗಳಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ, ಅದರ ಮೇಲೆ ತೂತಿನ ಪೈಪಿನಿಂದ ನೀರು ಜಿನುಗಿಸುವುದು. ಆ ಒದ್ದೆ ತಟ್ಟಿಯ ಮೂಲಕ ಫ್ಯಾನು ಗಾಳಿ ಎಳೆದು ಒಳಗೆ ಕೂತವರ ಮೇಲೆ ತಣ್ಣಗೆ ಬಿಡುವುದು. ಹೀಗೆ ಸಾಬರ ಬದುಕು ಒಂದು ಕಡೆ ಬೇರು, ಇನ್ನೊಂದು ಕಡೆ ಬೇರಿಂಗು ಇವೆರಡರ ನಡುವೆ ಸಾಗಿತ್ತು.

ಅವರು ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ. ತಂದೆ ಬುಡನ್ ಸಾಬರು ಸುತ್ತಲಿನ ತೋಟಗಳ ಆಯಿಲ್ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಇಂಜಿನ್ ನಿಂತ ಮೇಲಷ್ಟೇ ಅವರಿಗೆ ಕರೆ ಬರುತ್ತಿತ್ತು. ಆದ್ದರಿಂದ ಅವರು ಹೋದಲ್ಲೆಲ್ಲ ಎದುರಾಗುತ್ತಿದ್ದದ್ದು ಕೆಂಡದಂಥ ಮುಖಗಳೇ. ಅಪ್ಪನ ಜೊತೆ ಸ್ಪ್ಯಾನರ್ ಹೊತ್ತು ತಿರುಗಿದ ಮಗ, ಕೆಡುವ ಮುಂಚೆಯೇ ಹೋಗುವ ಮೆಕ್ಯಾನಿಕ್ ತಾನಾಗಬೇಕೆಂದು ಆಗಲೇ ನಿಶ್ಚಯಿಸಿದರು. ಹಾಗೆ ಹೋದವನನ್ನು ಯಾರೂ ಬಯ್ಯುವುದಿಲ್ಲ ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಂಥವನನ್ನು ಯಾರೂ ಗಮನಿಸುವುದೂ ಇಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಫ್ಯಾನಿನ ದಂಡಕ್ಕೆ ಎರಡು ಕಡೆ ಬೇರಿಂಗ್. ಪ್ರತಿ ಬೇರಿಂಗಿನ ತಲೆಯ ಮೇಲೆ ತಿರುಪು ಮುಚ್ಚಳದ ಒಂದು ಹಿತ್ತಾಳೆ ಬಟ್ಟಲು. ಅದರೊಳಗೆ ಗ್ರೀಸ್ ತುಂಬಿ ಮುಚ್ಚಳವನ್ನು ದಿನಕ್ಕೆ ಅರ್ಧ ಸುತ್ತು ತಿರುಗಿಸಿದರೆ ಬೇಕಾದಷ್ಟು ಗ್ರೀಸ್ ಕೆಳಗಿಳಿಯುತ್ತದೆ. ಅರ್ಧ ಸುತ್ತು ಎಂದರೆ ಅರ್ಧ ಸುತ್ತೇ. ಹನ್ನೊಂದು ವರ್ಷದಲ್ಲಿ ಸಾಬರು ಅದನ್ನು ಮುಕ್ಕಾಲು ಮಾಡಲಿಲ್ಲ, ಕಾಲು ಮಾಡಲಿಲ್ಲ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಬೇರಿಂಗಿಗೂ ಇನ್ನೊಂದು ತುದಿ ಕಿವಿಗೂ ಒತ್ತಿ, ಡಾಕ್ಟರು ಎದೆ ನೋಡುವ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಊರಿನ ಗಡಸು ನೀರು ಪೈಪಿನ ತೂತುಗಳಲ್ಲಿ ಸುಣ್ಣ ಕಟ್ಟಿಸಿ ತಟ್ಟಿ ಒಣಗಿಸುತ್ತಿತ್ತು. ಅದಕ್ಕೆ ತಿಂಗಳಿಗೊಮ್ಮೆ ಹುಣಸೆ ಹುಳಿ ಕಿವುಚಿ ಪೈಪುಗಳನ್ನು ಅದರಲ್ಲಿ ನೆನೆಹಾಕುತ್ತಿದ್ದರು. ಹುಳಿಗೇನೂ ಬರವಿರಲಿಲ್ಲ, ಏಕೆಂದರೆ ಮಾಲೀಕ ಸದಾಶಿವಯ್ಯನವರು ಮೂಲತಃ ಗುಬ್ಬಿಯ ಹುಣಸೆಹಣ್ಣಿನ ವ್ಯಾಪಾರಿ. ಪಕ್ಕದ ಮನೆಯ ಪುಟ್ಟಗಂಗಮ್ಮ ಮಾತ್ರ, "ಸಾಬ್ರು ಮಷೀನಿಗೆ ಸಾರು ಕಾಯ್ಸಿ ಬಡುಸ್ತಾರೆ, ಮನೇಲಿ ನೋಡುದ್ರೆ ಹೆಂಡ್ತಿ ಮೆಹರ್ ಬಾನುಗೆ ಹುಣಸೇಹಣ್ಣು ತರೋದೇ ಮರೀತಾರೆ" ಎಂದು ಬೀದಿಗೆಲ್ಲ ಸಾರುತ್ತಿದ್ದಳು.

ಆಯುಧಪೂಜೆಗೂ ಸಾಬರದೇ ಒಂದು ಏರ್ಪಾಡಿತ್ತು. ಫ್ಯಾನಿನ ಕಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಚೌಕ ಬರೆದಿಟ್ಟು, "ಸ್ವಾಮಿ, ವಿಭೂತಿ ಕುಂಕುಮ ಎಲ್ಲ ಇಲ್ಲಿಗೆ. ದೇವ್ರ ಜಾಗ ಇದು, ಗ್ರೀಸ್ ಜಾಗ ಅದು" ಎಂದು ಮುಂದೆ ನಿಂತು ಪೂಜೆ ಮಾಡಿಸುತ್ತಿದ್ದರು. ತೆಂಗಿನಕಾಯಿಯ ಹೋಳನ್ನು ಮೊದಲು ಅವರ ಕೈಗೇ ಕೊಡುವುದು ರೂಢಿಯಾಗಿತ್ತು.

ಇಷ್ಟೆಲ್ಲ ಸರಿಯಾಗಿದ್ದದ್ದೇ ತಪ್ಪಾಯಿತು. ೧೯೮೦ರ ಮಳೆಗಾಲದಲ್ಲಿ ಸದಾಶಿವಯ್ಯನವರ ಹೆಂಡತಿಯ ತಮ್ಮ ವೀರಭದ್ರಯ್ಯ ಟಾಕೀಸಿಗೆ ಮ್ಯಾನೇಜರಾಗಿ ಬಂದ. ಬಂದ ಒಂದು ವಾರಕ್ಕೆ ಅವನಿಗೊಂದು ಸಂಶಯ ಹುಟ್ಟಿತು.

"ಭಾವ, ಆ ಮಷೀನು ಹನ್ನೊಂದು ವರ್ಷದಿಂದ ಒಂದ್ ದಿನಾನೂ ಕೆಟ್ಟಿಲ್ವಂತೆ?"

"ಇಲ್ಲ ಕಣಯ್ಯ, ಒಂದ್ ದಿನಾನೂ ಇಲ್ಲ."

"ಮತ್ತೆ ಕೆಡದೇ ಇರೋ ಮಷೀನಿಗೆ ಮೆಕ್ಯಾನಿಕ್ ಯಾತಕ್ಕೆ?"

ಸದಾಶಿವಯ್ಯನವರು ಬಹಳ ಹೊತ್ತು ಯೋಚಿಸಿದರು. ಉತ್ತರ ಸಿಗಲಿಲ್ಲ. ಸಾಬರಿಗೂ ಸಿಗಲಿಲ್ಲ. ತಿಂಗಳಿಗೊಮ್ಮೆ ಯಂತ್ರ ಕೆಡಿಸಿ ರಿಪೇರಿ ಮಾಡುವವರಾಗಿದ್ದರೆ ಅವರನ್ನು ಯಾರೂ ಬಿಡುತ್ತಿರಲಿಲ್ಲ. ಮಾಲೀಕರು ಎಲೆ ಅಡಿಕೆ ಕೊಟ್ಟು, ಹೆಗಲು ತಟ್ಟಿ ಸಾಬರನ್ನು ಕೆಲಸದಿಂದ ಕಳಿಸಿದರು. ಸಾಬರು ಬೀಗದ ಕೈ ಒಪ್ಪಿಸುವಾಗ, "ಅರ್ಧ ಸುತ್ತು ಮರೀಬೇಡಿ ಸ್ವಾಮಿ" ಎಂದರು. ವೀರಭದ್ರಯ್ಯ ತಲೆಯಾಡಿಸಿದ. ಅದು ಅವನ ತಲೆಯೊಳಗೆ ಒಂದು ಸುತ್ತೂ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಸಾಬರ ಹನ್ನೊಂದು ವರ್ಷದ ಕೆಲಸ ಅವರಿಲ್ಲದೆಯೂ ಒಂದು ವರ್ಷ ತಳ್ಳಿತು. ಅವರ ಒಳ್ಳೆಯತನವೇ ಅವರ ವಿರುದ್ಧ ಸಾಕ್ಷಿ ಹೇಳಿತು. "ನೋಡುದ್ರಾ ಭಾವ!" ಎಂದು ವೀರಭದ್ರಯ್ಯ ಎದೆಯುಬ್ಬಿಸಿ ಓಡಾಡಿದ. ಸಾಬರು ಶಿರಾ ಗೇಟಿನ ಇನ್ನೊಂದು ಬದಿಯಲ್ಲಿ ಮೋಟರ್ ರಿಪೇರಿಯ ಪುಟ್ಟ ಅಂಗಡಿ ಹಾಕಿಕೊಂಡರು. ವಾರಕ್ಕೊಮ್ಮೆ ಕುಣಿಗಲ್ಲಿನ ಬಸ್ಸು ಹತ್ತಿ, ಅಲ್ಲಿ ರೇಷ್ಮೆ ಮೊಟ್ಟೆ ಇಡುವ ಕೋಲ್ಡ್ ರೂಮಿನ ಮಷೀನು ನೋಡಿಕೊಂಡು ಬರುತ್ತಿದ್ದರು. ಮೊಟ್ಟೆಗೆ ಎರಡು ಡಿಗ್ರಿ ಆಚೀಚೆಯಾದರೂ ಹುಳು ಕೆಡುತ್ತದೆ. ಅಲ್ಲಿನವರಿಗೆ ಸಾಬರ ಬೆಲೆ ಗೊತ್ತಿತ್ತು.

೧೯೮೨ರ ಯುಗಾದಿಗೆ ಇನ್ನೂ ಹತ್ತು ದಿನವಿದ್ದಾಗ ಸಾಬರು ಸೈಕಲ್ಲಿನಲ್ಲಿ ಟಾಕೀಸಿನ ಹಿಂಗೋಡೆಯ ಪಕ್ಕ ಹೋಗುತ್ತಿದ್ದರು. ಲಾರಿ ಹಾರನ್ನು, ಟಾಂಗಾ ಗೆಜ್ಜೆ, ಎಲ್ಲದರ ನಡುವೆ ಕಿಂಡಿಯಿಂದ ಒಂದು ಸದ್ದು ಬಂತು. ಸುತ್ತಿಗೊಮ್ಮೆ, ಸಣ್ಣಗೆ, ಗಂಟಲಿನಲ್ಲಿ ಕಿಚ್‌ಕಿಚ್ ಇದ್ದವರು ಕೆಮ್ಮು ತಡೆದುಕೊಂಡ ಹಾಗೆ. ಸಾಬರು ಬ್ರೇಕ್ ಹಾಕಿದರು. ಹಿಂದೆ ಬರುತ್ತಿದ್ದ ಸೊಪ್ಪಿನವಳು ಅವರ ಹಿಂದಿನ ಚಕ್ರಕ್ಕೆ ಬುಟ್ಟಿ ತಗುಲಿಸಿ, "ರೋಡಲ್ಲಿ ನಿಂತ್ಕಂಡು ಏನ್ ನಮಾಜಾ?" ಎಂದು ಬೈದು ಹೋದಳು.

ತಮ್ಮ ಬರೀ ಅನುಮಾನವೇನೋ ಎಂದು ಖಾತ್ರಿ ಮಾಡಿಕೊಳ್ಳಲು ಅವರು ಟಿಕೆಟ್ ಕೊಂಡು ಮ್ಯಾಟಿನಿಗೆ ಹೋದರು. ಪರದೆಯ ಪಕ್ಕದ ಗಾಳಿ ಕಿಂಡಿಯ ಹತ್ತಿರ, ಮುಂದಿನ ಸಾಲಿನ ತುದಿಯಲ್ಲಿ, ಕಣ್ಣು ಮುಚ್ಚಿ ಕೂತರು. ಮರುದಿನವೂ ಹೋದರು. ನಾಲ್ಕನೆಯ ದಿನ ಸುದ್ದಿ ಮನೆ ಮುಟ್ಟಿತು. ಮೆಹರ್ ಬಾನು ಗಂಡನ ಜೊತೆ ಸಂಸಾರ ಮಾಡುತ್ತಿದ್ದದ್ದು ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಪುಟ್ಟಗಂಗಮ್ಮನಿಗೂ ಅರ್ಥವಾಗಿ ತೀರ್ಪು ಹೇಳಲು ಅನುಕೂಲವಾಗಲಿ ಎಂದು.

"ಐವತ್ತು ವರ್ಷ ಆಯ್ತು, ಈಗ ಬಂತಾ ಸಿನಿಮಾ ಹುಚ್ಚು? ನಾಕ್ ದಿನ, ಅದೇ ಸಿನಿಮಾ! ಯಾರವ್ಳೆ ಅದರಾಗೆ?"

"ಯಾರಿದಾರೋ ನಾನ್ ನೋಡ್ಲಿಲ್ಲ ಕಣೇ."

"ನೋಡ್ಲಿಲ್ವಂತೆ! ಕೇಳುದ್ರಾ ಅಕ್ಕ?"

ಗೋಡೆಯಾಚೆಯಿಂದ ಪುಟ್ಟಗಂಗಮ್ಮ, "ಕಣ್ ಮುಚ್ಕಂಡ್ ಕೂತಿದ್ರಂತೆ ಕಣವ್ವ, ಟಾಕೀಸ್ ಗೇಟ್ ಕಾಯೋ ನಮ್ಮ ರಂಗಯ್ಯ ನೋಡವ್ನೆ. ಸಿನಿಮಾ ನೋಡೋರು ಕಣ್ ಮುಚ್ಚಲ್ಲ. ಬುಡು, ಸಾಬ್ರುದು ಬೇರೆ ಏನೋ ಐತೆ" ಎಂದಳು.

ಸಾಬರು ಆಗ ಹೇಳಿದರು. ಬೇರಿಂಗ್ ಒಣಗಿ ಉಜ್ಜುತ್ತಿದೆ. ಪಕ್ಕದಲ್ಲೇ ಲಾವಂಚದ ತಟ್ಟಿ, ಅದರ ಅಂಚೂ ಒಣಗಿದೆ. ಯುಗಾದಿಯ ಶುಕ್ರವಾರ ಹೊಸ ಚಿತ್ರ, ನಾಲ್ಕು ಆಟ, ನಾಲ್ಕಕ್ಕೂ ಎಂಟುನೂರು ಜನ. ಬಿಡುವಿಲ್ಲದೆ ತಿರುಗಿದರೆ ಆ ದಂಡ ಕೆಂಪಗೆ ಕಾಯುತ್ತದೆ. ಕಿಡಿ ತಟ್ಟಿಗೆ ಹಾರಿದರೆ ಗಾಳಿಯ ಬದಲು ಹೊಗೆ ಒಳಗೆ ಹೋಗುತ್ತದೆ.

ಮೆಹರ್ ಬಾನು ಗೋಡೆಯ ಕಡೆಯಿಂದ ಇತ್ತ ತಿರುಗಿದಳು. ಆಮೇಲೆ ಉರ್ದುವಿಗೆ ಮರಳಿದಳು. ನಿಮ್ಮನ್ನು ತೆಗೆದು ಹಾಕಿದವರ ಮಷೀನು, ಕೆಟ್ಟರೆ ನಿಮ್ಮ ಬೆಲೆ ತಿಳಿಯುತ್ತದಲ್ಲ ಎಂದಳು. ಸಾಬರಿಗೂ ಆ ಯೋಚನೆ ಬಂದಿರಲಿಲ್ಲವೆಂದಲ್ಲ. ನಾಲ್ಕು ಮ್ಯಾಟಿನಿ ಅದನ್ನೇ ಯೋಚಿಸಿದ್ದರು. "ಮುಂದಿನ ಸಾಲಲ್ಲಿ ಮಕ್ಳು ಕೂತಿರ್ತವೆ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ಸದಾಶಿವಯ್ಯನವರು ಟಾಕೀಸಿನ ಆಫೀಸಿನಲ್ಲಿ ಯುಗಾದಿಯ ಪೋಸ್ಟರು ನೋಡುತ್ತ ಕೂತಿದ್ದರು. ಸಾಬರು ಕೇಳಿದ್ದು ಒಂದು ದಿನ. ಗುರುವಾರ ಆಟ ನಿಲ್ಲಿಸಿ, ಬೇರಿಂಗ್ ಬಿಚ್ಚಿ, ಅದರೊಳಗಿನ ಸವೆದ ಲೋಹದ ಬಳೆ ತೆಗೆದು ಹೊಸ ಬುಷ್ ಹಾಕಲು.

"ಒಂದ್ ದಿನ ಬಾಗ್ಲು ಹಾಕುದ್ರೆ ಊರು ಏನಂತದೆ ಸಾಬ್ರೇ? ಸದಾಶಿವಯ್ಯ ಮುಳುಗ್ದ, ಟಾಕೀಸ್ ಮಾರ್ದ ಅಂತ ಸಂಜೆಗೇ ಗುಬ್ಬಿವರ್ಗೂ ಹೋಗ್ತದೆ." ಮಾಲೀಕರು ಗಾಳಿಯಂತ್ರಕ್ಕಿಂತ ಗಾಳಿಮಾತಿಗೆ ಹೆಚ್ಚು ಹೆದರುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ವೀರಭದ್ರಯ್ಯ ನಕ್ಕ. "ಭಾವ, ಸಾಬ್ರಿಗೆ ಕೆಲ್ಸ ವಾಪಸ್ ಬೇಕು. ಅದುಕ್ಕೇ ಈ ನಾಟ್ಕ. ಇಲ್ಲಿ ಸಿನಿಮಾ ಅಷ್ಟೇ ನಡೆಯೋದು ಸಾಬ್ರೇ, ನಾಟ್ಕಕ್ಕೆ ಬೇರೆ ಕಡೆ ಹೋಗಿ."

ಮಾತು ಚುಚ್ಚಿತು. ಏಕೆಂದರೆ ಕೆಲಸ ವಾಪಸ್ ಬೇಕಾಗಿದ್ದದ್ದು ನಿಜವೇ. ಸಾಬರು ಒಂದು ಕ್ಷಣ ಪೋಸ್ಟರು ನೋಡಿದರು. "ಕೆಲ್ಸ ಬ್ಯಾಡ ಸ್ವಾಮಿ," ಎಂದರು. "ಮುಂದೇನೂ ಕೇಳಲ್ಲ, ನೀವ್ ಕರುದ್ರೂ ಬರಲ್ಲ. ನನ್ ಮಾತಿದು. ಗುರುವಾರ ಒಂದ್ ದಿನ ಕೊಡಿ. ನಂಬ್ಕೆ ಇಲ್ದಿದ್ರೆ ಬಂದು ಮುಟ್ಟಿ ನೋಡಿ."

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಸದಾಶಿವಯ್ಯನವರು ಪೂಜೆಯಿಲ್ಲದ ದಿನ ಫ್ಯಾನಿನ ಕೋಣೆಗೆ ಬಂದರು. ಮ್ಯಾಟಿನಿ ಆಗಷ್ಟೇ ಮುಗಿದಿತ್ತು, ಫ್ಯಾನು ನಿಂತಿತ್ತು. ಬೇರಿಂಗಿನ ಮೇಲೆ ಬೆರಳಿಟ್ಟವರು "ಶಿವನೇ!" ಎಂದು ಕೈ ಕೊಡವಿದರು. ಸಾಬರು ಹಿತ್ತಾಳೆ ಬಟ್ಟಲಿನ ಮುಚ್ಚಳ ತಿರುಗಿಸಿ ತೆಗೆದರು. ಅದರೊಳಗೆ ಗ್ರೀಸ್ ಇರಲಿಲ್ಲ. ಕುಂಕುಮ ಇತ್ತು. ಬಟ್ಟಲ ತುಂಬ, ಒತ್ತಿ ಒತ್ತಿ ತುಂಬಿದ ಕುಂಕುಮ.

"ಇದ್ಯಾರಯ್ಯ?" ಎಂದರು ಸದಾಶಿವಯ್ಯ.

ವೀರಭದ್ರಯ್ಯನ ಮುಖದ ರಂಗು ಬಟ್ಟಲಿನ ರಂಗಿಗೆ ಸಮನಾಯಿತು. "ಆಯುಧಪೂಜೆಲಿ... ಮುಚ್ಚಳ ತೆಗುದ್ರೆ ಖಾಲಿ ಇತ್ತು ಭಾವ. ಹಿತ್ತಾಳೆದು, ಥೇಟ್ ಕುಂಕುಮದ ಭರಣಿ ಇದ್ದಂಗೈತೆ. ಸಾಬ್ರು ಹೋದ್ಮೇಲೆ ಯಾರೂ ತುಂಬ್ಸಿಲ್ಲ, ಖಾಲಿ ಇರ್ಬಾರ್ದು ಅಂತ..."

"ತಿರುಗ್ಸಿದ್ರಾ?" ಸಾಬರು ಮೆಲ್ಲಗೆ ಕೇಳಿದರು.

"ಅರ್ಧ ಸುತ್ತು ಮರೀಬೇಡಿ ಅಂದಿದ್ರಲ್ಲ ನೀವು, ಪೂಜೆ ದಿನ ನೆಪ್ಪಾಯ್ತು. ಆವತ್ತಿಂದ ದಿನಾ ತಿರುಗ್ಸಿದೀನಿ, ತೀರ್ದಾಗೆಲ್ಲ ಮತ್ತೆ ತುಂಬ್ಸಿದೀನಿ."

ಐದು ತಿಂಗಳು, ದಿನಕ್ಕೆ ಅರ್ಧ ಸುತ್ತು, ಬೇರಿಂಗಿನೊಳಗೆ ಕುಂಕುಮಾರ್ಚನೆ. ಬೇರೆ ಯಾರಾದರೂ ಆಗಿದ್ದರೆ ಗಟ್ಟಿಯಾಗಿ ನಕ್ಕುಬಿಡುತ್ತಿದ್ದರು. ಸಾಬರು ನಗಲಿಲ್ಲ. ಬೇರಿಂಗ್ ಒರೆಸಲು ಅವರ ಹೆಗಲ ಮೇಲೆ ಎಣ್ಣೆಗಪ್ಪು ಬಟ್ಟೆಯಿತ್ತು. ಅದನ್ನು ಮುಟ್ಟದೆ ಹೊರಗೆ ಹೋಗಿ ಬೀಡಾ ಅಂಗಡಿಯಿಂದ ತೊಳೆದ ವೀಳ್ಯದೆಲೆ ಒಂದನ್ನು ತಂದರು. ಬಟ್ಟಲಿನ ಕುಂಕುಮವನ್ನು ಚೂರೂ ನೆಲಕ್ಕೆ ಬೀಳದ ಹಾಗೆ ಅದರೊಳಕ್ಕೆ ಕೆರೆದು ಮಡಿಚಿ, ಎರಡು ಕೈಯಲ್ಲಿ ಸದಾಶಿವಯ್ಯನವರಿಗೆ ಕೊಟ್ಟರು. "ಪೂಜೆದು ಸ್ವಾಮಿ. ಚಿಂದಿ ಬಟ್ಟೇಲಿ ಒರುಸ್ಬಾರ್ದು. ಗಿಡದ ಬುಡಕ್ಕೆ ಹಾಕ್ಸಿ."

ಸದಾಶಿವಯ್ಯನವರು ಆ ಎಲೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ, "ಗುರುವಾರ ಅಮಾಸೆ ಕಣ್ರೀ. ಅಮಾಸೆ ದಿನ ಮಷೀನ್ ಬಿಚ್ಚೋದಾ?" ಎಂದರು. ಬೇಡ ಎನ್ನುವವರ ದನಿಯಾಗಿರಲಿಲ್ಲ ಅದು.

"ಬಿಚ್ಚೋದಷ್ಟೇ ಅಮಾಸೆ. ಗಾಳಿ ಬಿಡೋದು ಯುಗಾದಿ ಬೆಳಿಗ್ಗೆ."

ಗುರುವಾರ ಗೇಟಿಗೆ 'ಇಂದು ಆಟ ಇಲ್ಲ' ಎಂಬ ಬೋರ್ಡು ಬಿತ್ತು. ಬೆಳಿಗ್ಗೆ ಎಂಟಕ್ಕೇ ಟಾಕೀಸು ಮಾರಾಟವಾಗಿತ್ತು, ಹತ್ತಕ್ಕೆ ಅದು ಕಲ್ಯಾಣಮಂಟಪವಾಗಿತ್ತು, ಮಧ್ಯಾಹ್ನಕ್ಕೆ ಸದಾಶಿವಯ್ಯನವರು ಕಾಶಿಗೆ ಹೋಗಿದ್ದರು. ಕಾಶಿಗೆ ಹೋದವರು ಫ್ಯಾನಿನ ಕೋಣೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸಾಬರು ಕೇಳಿದಾಗ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು. ಹೊರತೆಗೆದ ಹಳೆಯ ಬುಷ್ ಒಂದು ಕಡೆ ಕಾಗದದಷ್ಟು ತೆಳುವಾಗಿ, ಕಾದು ನೀಲಿಗಟ್ಟಿತ್ತು. ಸಾಬರು ಅದನ್ನು ಅವರ ಅಂಗೈ ಮೇಲಿಟ್ಟರು. ಲೇತ್ ಅಂಗಡಿಯಲ್ಲಿ ಕಡೆಸಿ ತಂದ ಹೊಸ ಗನ್‌ಮೆಟಲ್ ಬುಷ್ಷನ್ನು ದಂಡಕ್ಕೆ ತೊಡಿಸಿ, ತೆಗೆದು, ನೋಡಿ, ಕೂದಲೆಳೆಯಷ್ಟು ಕೆರೆದು, ಮತ್ತೆ ತೊಡಿಸಿದರು. ಹೀಗೆ ಏಳು ಸಲ. ಐದನೆಯ ಸಲಕ್ಕೇ ಸರಿಹೋಯಿತೆಂದು ಸದಾಶಿವಯ್ಯನವರಿಗೆ ಅನ್ನಿಸಿತ್ತು. ಸಾಬರಿಗೆ ಅನ್ನಿಸಿರಲಿಲ್ಲ. ಸಂಜೆಗೆ ಅವರು ದಂಡವನ್ನು ಒಂದೇ ಬೆರಳಿನಲ್ಲಿ ನೂಕಿದರು. ಆಳೆತ್ತರದ ಫ್ಯಾನು ಸದ್ದಿಲ್ಲದೆ ತಿರುಗುತ್ತಾ ಹೋಯಿತು.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡೇ ವೀರಭದ್ರಯ್ಯ ಫ್ಯಾನಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಭಾವನೇ ಕಳಿಸಿದ್ದರು. "ಸಾಬ್ರೇ, ನಾಳೆಯಿಂದ ಕೆಲ್ಸಕ್ಕೆ ಬನ್ನಿ ಅಂತ ಹೇಳು ಅಂದವ್ರೆ."

"ಬರಲ್ಲ ಅಂತ ಮಾತು ಕೊಟ್ಟಿದೀನಲ್ಲ, ಸ್ವಾಮಿ."

"ಅದು ಆ ಹೊತ್ತಿಗೆ ಹೇಳಿದ ಮಾತು..."

"ನಾನ್ ಈ ಹೊತ್ತಿಗೂ ಅದೇ ಮನುಷ್ಯ." ಸಾಬರು ಗ್ರೀಸ್ ಡಬ್ಬಿಯನ್ನು ಅವನ ಕೈಗಿಟ್ಟರು. "ಐದು ತಿಂಗ್ಳು ಒಂದ್ ದಿನಾನೂ ತಪ್ಪಿಸ್ದೆ ತಿರುಗ್ಸಿದೀರಿ ನೀವು. ಅಷ್ಟು ನೇಮ ಯಾರಿಗೈತೆ? ಕೆಲ್ಸ ನಿಮ್ಗೆ ಬಂದಾಗಿದೆ. ತುಂಬೋ ಸಾಮಾನು ಮಾತ್ರ ಬದ್ಲಾಯ್ಸಿ."

ವೀರಭದ್ರಯ್ಯ ಡಬ್ಬಿ ಹಿಡಿದುಕೊಂಡು ನಿಂತ. "ಸ್ನಾನ ಮಾಡ್ಕಂಡು ಮುಟ್ಬೇಕಾ?" ಎಂದು ಕೇಳಿದ.

"ಅದು ನಿಮ್ಮಿಷ್ಟ. ಕೈಯಾಗೆ ಮಣ್ಣಿರ್ಬಾರ್ದು ಅಷ್ಟೇ."

ಮಧ್ಯಾಹ್ನ ಮೊದಲ ಆಟಕ್ಕೆ ಎಂಟುನೂರು ಜನ ನುಗ್ಗಿದರು. ಗೇಟಿನಲ್ಲಿ ಅಂಗಿ ಹರಿದವರೂ ಒಳಗೆ ಕೂತ ಮೇಲೆ ಕಾಲು ಚಾಚಿ, "ಆಹಾ, ಏನ್ ತಣ್ಣಗೈತೆ ಕಣೋ" ಎಂದರು. ನಾಯಕ ಪರದೆಯ ಮೇಲೆ ಬಂದಾಗ ಶಿಳ್ಳೆ ಬಿತ್ತು. ಪರದೆಯ ಹಿಂದೆ ವೀರಭದ್ರಯ್ಯ ಸ್ಕ್ರೂಡ್ರೈವರಿಗೆ ಕಿವಿಗೊಟ್ಟು ಕಣ್ಣು ಮುಚ್ಚಿ ನಿಂತಿದ್ದ. ಸಾಬರು ಅವನ ಮೊಣಕೈ ಚೂರು ಎತ್ತಿ ಸರಿಮಾಡಿದರು, ಅವನ ಹುಬ್ಬು ಸಡಿಲವಾಗುವುದನ್ನು ನೋಡಿದರು, ಕೈ ತೊಳೆದುಕೊಂಡು ಮೂರು ಗಂಟೆಯ ಕುಣಿಗಲ್ ಬಸ್ಸಿಗೆ ಹೊರಟರು.